ತಿಂಡಿ ಡಾಟ್ ಇನ್‌ಗೆ ಎಷ್ಟು ಕೇಳಲಿ?

ಪ್ರಶ್ನೆ: ‘ತಿಂಡಿ’ ಅನ್ನುವ ಪದವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಎಚ್ ಇಲ್ಲದೆ, 2019ರಲ್ಲಿ ಡಾಟ್ ಇನ್ ಡೊಮೈನ್ (ವೆಬ್‌ಸೈಟಿನ ವಿಳಾಸದ ಹೆಸರು) ತಗೊಂಡಿದ್ದೆ. ಪ್ರತಿ ವರ್ಷ ರಿನ್ಯೂ ಮಾಡಿಸುತ್ತಿದ್ದೇನೆ, ವೆಬ್‌ಸೈಟ್ ಮಾಡಿಲ್ಲ. ಈಗ ಒಬ್ಬರು 15 ಸಾವಿರಕ್ಕೆ ಕೇಳಿದ್ದಾರೆ. ಬೆಲೆ ಹೇಳುವ ಒಂದು ಸೈಟಿನಲ್ಲಿ ನೋಡಿದರೆ ಒಂದೂವರೆ ಲಕ್ಷ ಅಂತ ಬರುತ್ತದೆ. ಯಾವುದನ್ನು ನಂಬಲಿ?
– ಓದುಗರು, ದಾವಣಗೆರೆ

ಉತ್ತರ: ಆ ಒಂದೂವರೆ ಲಕ್ಷವನ್ನು ಮೊದಲು ತಲೆಯಿಂದ ತೆಗೆದುಹಾಕಿ. ಅದು ಕಂಪ್ಯೂಟರ್ ಹಾಕಿದ ಅಂದಾಜು, ಆ ದುಡ್ಡು ಕೊಡುವವರು ಯಾರೂ ಇಲ್ಲ. ದುಡ್ಡು ಹಿಡಿದು ಬಂದವರು 15 ಸಾವಿರದವರು ಒಬ್ಬರೇ.

ಒಂದೇ ಪದದ ಹೆಸರು ಅಂದ ಕೂಡಲೇ ಎಲ್ಲರೂ ವಾಯ್ಸ್ ಡಾಟ್ ಕಾಮ್ ಕಥೆ ಹೇಳುತ್ತಾರೆ, 2019ರಲ್ಲಿ 3 ಕೋಟಿ ಡಾಲರಿಗೆ ಹೋಯಿತಲ್ಲ, ಅದು. ಆದರೆ ಅದು ಡಾಟ್ ಕಾಮ್, ಇಂಗ್ಲಿಷ್ ಪದ, ಯಾವ ದೇಶದ ಯಾವ ಕಂಪನಿಯಾದರೂ ಕೊಳ್ಳಬಹುದು. ನಿಮ್ಮದಕ್ಕೆ ಗಿರಾಕಿಗಳು ಕನ್ನಡದ ಜನರನ್ನು ನಂಬಿದ ಹೋಟೆಲಿನವರು, ಕುರುಕಲು ತಿಂಡಿ ಮಾರುವವರು, ಅಷ್ಟೇ. ಪದ ಎಷ್ಟೇ ಚೆನ್ನಾಗಿದ್ದರೂ ‘ನನಗೆ ಇದೇ ಬೇಕು’ ಅನ್ನುವವರು ಇಬ್ಬರಾದರೂ ಇಲ್ಲದಿದ್ದರೆ ಬೆಲೆ ಏರುವುದಿಲ್ಲ.

ಇನ್ನೊಂದು ತೊಡಕು ಸ್ಪೆಲಿಂಗು. ನಿಮ್ಮ ಪತ್ರ ಓದಿ, ಮನೆಯಲ್ಲಿ ನಾಲ್ಕು ಜನರಿಗೆ ‘ತಿಂಡಿ ಡಾಟ್ ಇನ್’ ಅಂತ ಬಾಯಲ್ಲಿ ಹೇಳಿ ಮೊಬೈಲಿನಲ್ಲಿ ಟೈಪ್ ಮಾಡಿ ಅಂದೆ. ಇಬ್ಬರು ಟಿ ಆದಮೇಲೆ ಎಚ್ ಹಾಕಿದರು, ಒಬ್ಬರು ಹಾಕಲಿಲ್ಲ, ನಮ್ಮತ್ತೆ ಕೊನೆಗೆ ಡಬಲ್ ಇ ಹಾಕಿದರು. ನಾಲ್ವರಲ್ಲಿ ಒಬ್ಬರು ಮಾತ್ರ ನಿಮ್ಮ ಹೆಸರಿಗೆ ಬಂದರು! ಎಚ್ ಇರುವ ಹೆಸರು ಖಾಲಿ ಇದೆಯಾ ಅಂತ ಇವತ್ತೇ ನೋಡಿ, ಇದ್ದರೆ ತಗೊಂಡುಬಿಡಿ. ಎರಡನ್ನೂ ಸೇರಿಸಿ ಕೊಟ್ಟರೆ ಖಂಡಿತ ಜಾಸ್ತಿ ಕೇಳಬಹುದು.

ಬೆಲೆ ಹೇಳುವ ಮೊದಲು ನೇಮ್‌ಬಯೋ ಸೈಟಿನಲ್ಲಿ ಇಂಥ ಡಾಟ್ ಇನ್ ಹೆಸರುಗಳು ಎಷ್ಟಕ್ಕೆ ಮಾರಾಟವಾಗಿವೆ ನೋಡಿ. ಜನ ಕೇಳುತ್ತಿರುವ ಬೆಲೆ ಬೇಡ, ಕೈ ಬದಲಾದ ಬೆಲೆ ನೋಡಿ. ಆ ಹೆಸರಿನಲ್ಲಿ ಯಾರದಾದರೂ ಟ್ರೇಡ್‌ಮಾರ್ಕ್ ಇದೆಯಾ ಅಂತಲೂ ಹುಡುಕಿ. ಅವರಿಗೇ ಮಾರಲು ಹಿಡಿದಿಟ್ಟುಕೊಂಡಿದ್ದೀರಿ ಅಂತ ಅವರು ದೂರು ಕೊಟ್ಟು ಗೆದ್ದರೆ ದುಡ್ಡೂ ಇಲ್ಲ, ಹೆಸರೂ ಇಲ್ಲ. ತಿಂಡಿ ದಿನಬಳಕೆಯ ಪದ, ಹಾಗಾಗಿ ಭಯ ಕಡಿಮೆ, ಆದರೂ ನೋಡಿಬಿಡಿ.

ನಾನಾಗಿದ್ದರೆ 40 ಸಾವಿರ ಹೇಳುತ್ತಿದ್ದೆ, 25ಕ್ಕೆ ಬಂದರೆ ಕೊಟ್ಟುಬಿಡುತ್ತಿದ್ದೆ. ಇಷ್ಟು ವರ್ಷ ಸುಮ್ನೆ ಇಟ್ಟ ಹೆಸರಿಗೆ ಅದು ಒಳ್ಳೆಯ ದುಡ್ಡೇ, ಅಲ್ವಾ? ವ್ಯವಹಾರ ಎಸ್ಕ್ರೋ ಮೂಲಕವೇ, ಅಂದರೆ ಹೆಸರು ಕೈ ಬದಲಾಗುವ ತನಕ ದುಡ್ಡು ಹಿಡಿದಿಡುವ ಮಧ್ಯಸ್ಥರ ಮೂಲಕವೇ ಆಗಲಿ. ‘ದುಡ್ಡು ಹಾಕಿದ್ದೇನೆ’ ಅಂತ ಸ್ಕ್ರೀನ್‌ಶಾಟ್ ಕಳಿಸಿದರೂ, ಅಲ್ಲಿ ಜಮಾ ಆಗಿದ್ದು ಖಾತ್ರಿಯಾಗುವ ತನಕ ಹೆಸರನ್ನು ವರ್ಗಾಯಿಸಲು ಬೇಕಾದ ಟ್ರಾನ್ಸ್‌ಫರ್ ಕೋಡ್ ಕೊಡಬೇಡಿ.