ಮೊದಲು ಜಾಗ ಹುಡುಕಿ, ವ್ಯಾಟ್ ಆಮೇಲೆ
ಓದುಗರ ಪ್ರಶ್ನೆ – ಈ ಸಲ: ಮನೆಯ ಸಬ್‌ವೂಫರ್ (ಬಾಸ್, ಅಂದರೆ ತೀರ ಕೆಳಗಿನ ಸ್ವರ ನುಡಿಸುವ ಸ್ಪೀಕರ್ ಪೆಟ್ಟಿಗೆ)

ಪ್ರಶ್ನೆ: ನಮ್ಮ ಹಾಲ್ 14 ಅಡಿ ಉದ್ದ, 10 ಅಡಿ ಅಗಲ. ಅಗಲದ ಗೋಡೆಗೆ ಟಿವಿ, ಅದರ ಪಕ್ಕ 10 ಇಂಚಿನ ಪವರ್ಡ್ ಸಬ್‌ವೂಫರ್. ಸೋಫಾ ಹಾಲಿನ ನಡುವೆ, ಅದರ ಹಿಂದೆ ಊಟದ ಮೇಜು. ಸೋಫಾದಲ್ಲಿ ಕೂತರೆ ಬಾಸ್ ತೆಳುವಾಗಿ ಕೇಳುತ್ತದೆ. ಎದ್ದು ಹಿಂದಿನ ಗೋಡೆಯಲ್ಲಿರುವ ಅಡುಗೆಮನೆ ಬಾಗಿಲಿಗೆ ಹೋದರೆ ಎದೆ ನಡುಗುತ್ತದೆ. ಅಂಗಡಿಯವರು 12 ಇಂಚಿನದು ಹಾಕಿಸಿ ಅಂತಾರೆ. ಹಾಕಿಸಬೇಕೇ?
– ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಸದ್ಯ ಬೇಡ. ಬಾಗಿಲ ಹತ್ತಿರ ಎದೆ ನಡುಗಿಸುವುದೂ ಇದೇ ಪೆಟ್ಟಿಗೆ. ಅದರಲ್ಲಿ ದಮ್ಮಿದೆ. ಕೊರತೆ ಇರುವುದು ಸೋಫಾ ಇಟ್ಟ ಜಾಗದಲ್ಲಿ.

ಎದುರುಬದುರು ಗೋಡೆಗಳ ನಡುವೆ ಬಾಸ್ ಅಲೆ ಹೋಗಿ ಬರುವಾಗ ಕೆಲವು ಸ್ವರಗಳು ಅಲ್ಲೇ ನೆಲೆ ನಿಲ್ಲುತ್ತವೆ. ಯಾವ ಸ್ವರ ಎಂದು ತಿಳಿಯಲು 565 ಅನ್ನು ಗೋಡೆಗಳ ನಡುವಿನ ಅಡಿಗಳಿಂದ ಭಾಗಿಸಿ. 14 ಅಡಿಗೆ ಸುಮಾರು 40 ಹರ್ಟ್ಜ್ (ಸೆಕೆಂಡಿಗೆ 40 ಕಂಪನ) ಬರುತ್ತದೆ. ಈ ಸ್ವರದ ಒತ್ತಡ ಗೋಡೆಗಳ ಬಳಿ ಅತಿ ಹೆಚ್ಚು, ನಟ್ಟನಡುವೆ, ಅಂದರೆ 7 ಅಡಿಗೆ, ಹೆಚ್ಚುಕಡಿಮೆ ಸೊನ್ನೆ. ನಿಮ್ಮ ತಲೆ ಇರುವುದು ಸರಿಯಾಗಿ ಅಲ್ಲೇ. ಅದರ ಎರಡರಷ್ಟಾದ 80 ಹರ್ಟ್ಜ್ ಮಾತ್ರ ನಡುವೆಯೂ ಪೂರ್ತಿ ಸಿಗುತ್ತದೆ. ಹಾಗಾಗಿ ಡಬ್ ಡಬ್ ಅನ್ನುವುದು ಕೇಳುತ್ತದೆ, ಅದರ ಕೆಳಗಿನ ಗುಡುಗು ಕೇಳುವುದಿಲ್ಲ. ವಾಲ್ಯೂಮ್ ಏರಿಸಿದರೆ ಹೋಗುವ ಅಲೆಯೂ ಮರಳುವ ಅಲೆಯೂ ಒಟ್ಟಿಗೇ ಏರಿ ಒಂದನ್ನೊಂದು ಅಷ್ಟೇ ಅಳಿಸುತ್ತವೆ. 12 ಇಂಚಿನದು ತಂದರೂ ಅಲ್ಲಿ ಇದೇ ಗತಿ.

ಊಟದ ಮೇಜನ್ನು ಪಕ್ಕಕ್ಕೆ ಸರಿಸಿ ಸೋಫಾವನ್ನು ಹಿಂದಕ್ಕೆ ತನ್ನಿ. ಒಂದು ಅಡಿ ಸರಿಸಿದರೂ ವ್ಯತ್ಯಾಸ ತಿಳಿಯುತ್ತದೆ, ಎರಡು ಅಡಿಗೆ ಚೆನ್ನಾಗಿ ತಿಳಿಯುತ್ತದೆ. ಕಿವಿ ಹಿಂದಿನ ಗೋಡೆಯಿಂದ 4 ಅಡಿ 8 ಇಂಚು, ಅಂದರೆ ಉದ್ದದ ಮೂರನೇ ಒಂದು ಭಾಗ ದೂರದಲ್ಲಿದ್ದರೆ 40 ಮತ್ತು 80 ಎರಡೂ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬರುತ್ತವೆ. ಗೋಡೆಗೇ ಒರಗಿಸಿದರೆ ಬಾಸ್ ಇನ್ನೂ ಹೆಚ್ಚು, ಆದರೆ ಮಾತು ಗೊಗ್ಗರಾಗುತ್ತದೆ.

ಆಮೇಲೆ ಸಬ್‌ವೂಫರ್‌ಗೆ ಜಾಗ ಹುಡುಕಿ. ಸಬ್‌ಗೆ ಸದ್ದು ಒಯ್ಯುವ ಆರ್‌ಸಿಎ ಕೇಬಲ್ 5-6 ಮೀಟರ್ ಉದ್ದದ್ದು ಬೇಕು. ಸಬ್ ಅನ್ನು ಎತ್ತಿ ನೀವು ಕೂಡುವ ಸೀಟಿನ ಮೇಲೆಯೇ ಇಡಿ. 30ರಿಂದ 80 ಹರ್ಟ್ಜ್‌ವರೆಗೆ ಏರುವ ಟೋನನ್ನು ಫೋನಿನಿಂದ ಮತ್ತೆ ಮತ್ತೆ ನುಡಿಸಿ. ಮಂಡಿಯೂರಿ, ಕಿವಿಯನ್ನು ನೆಲದಿಂದ ಒಂದಡಿ ಎತ್ತರಕ್ಕೆ ತಂದು, ಗೋಡೆಗುಂಟ ನಿಧಾನ ಸರಿಯುತ್ತ ಹೋಗಿ. ಎಲ್ಲಿ ಎಲ್ಲ ಸ್ವರವೂ ಸಮನಾಗಿ, ಜೋರಾಗಿ ಕೇಳುತ್ತದೋ ಅಲ್ಲಿ ಸೀಮೆಸುಣ್ಣದ ಗುರುತು ಹಾಕಿ, ಸಬ್ ಅನ್ನು ಅಲ್ಲಿಗೆ ಒಯ್ಯಿರಿ. ಅಲ್ಲಿ ಕೇಳಿದ್ದೇ ಇನ್ನು ಸೋಫಾದಲ್ಲಿ ಕೇಳುತ್ತದೆ. ಬರೀ ಜೋರು ಬೇಕೆಂದರೆ ಮೂಲೆಯೇ ಉತ್ತಮ, ಆದರೆ ಅಲ್ಲಿ ಕೋಣೆಯ ಎಲ್ಲ ನಿಂತ ಸ್ವರಗಳೂ ಏಳುತ್ತವೆ. ಗೋಡೆಯಿಂದ ಮೂರಡಿ ದೂರ ಮಾತ್ರ ಇಡಬೇಡಿ, ಗೋಡೆಗೆ ಬಡಿದು ಬಂದ ಅಲೆ 94 ಹರ್ಟ್ಜ್ ಸುತ್ತಮುತ್ತ ಬಾಸನ್ನು ತಿಂದುಹಾಕುತ್ತದೆ. ಒಂದಡಿಯೊಳಗೆ ಇರಲಿ. ಪೋರ್ಟ್ (ಪೆಟ್ಟಿಗೆಯ ಗಾಳಿ ತೂತು) ಹಿಂಬದಿಗಿದ್ದರೆ ಅದರ ವ್ಯಾಸದಷ್ಟಾದರೂ ಜಾಗ ಬಿಡಿ.

ಪ್ರಶ್ನೆ: ಸ್ಪೀಕರ್‌ಗಳನ್ನೆಲ್ಲ ನಡೆಸುವ ಹೊಸ ರಿಸೀವರ್‌ಗೆ ಮೈಕ್ ಇಟ್ಟು ಆಟೋ ಸೆಟಪ್ ಮಾಡಿಸಿದ ಮೇಲೆ ಬಾಸ್ ಮೊದಲಿಗಿಂತ ಕಡಿಮೆಯಾಗಿದೆ. ಸಬ್‌ವೂಫರ್ 9 ಅಡಿ ದೂರದಲ್ಲಿದ್ದರೂ 14 ಅಡಿ ಎಂದು ತೋರಿಸುತ್ತಿದೆ. ತಿದ್ದಲೇ?
– ಬೆಟಗೇರಿ, ಗದಗ

ಉತ್ತರ: ದೂರವನ್ನು ಮುಟ್ಟಬೇಡಿ. ಸಬ್‌ವೂಫರ್ ಒಳಗಿನ ಫಿಲ್ಟರ್‌ನಿಂದ ಸದ್ದು ತುಸು ತಡವಾಗಿ ಹೊರಡುತ್ತದೆ. ಆ ತಡವನ್ನೇ ರಿಸೀವರ್ ಅಡಿಗಳಲ್ಲಿ ಹೇಳುತ್ತಿದೆ. ಟೇಪು ಹಿಡಿದು 9 ಎಂದು ತಿದ್ದಿದರೆ ಮುಂದಿನ ಸ್ಪೀಕರ್‌ಗಳ ಜೊತೆಗಿನ ತಾಳ ತಪ್ಪುತ್ತದೆ.

ನೋಡಬೇಕಾದ್ದು ಮೊದಲು ರಿಸೀವರ್ ಮೆನುವಿನ ಸ್ಪೀಕರ್ ಅಳತೆ. ಮುಂದಿನ ಎರಡು ‘ಲಾರ್ಜ್’ ಎಂದು ನಿಂತಿದ್ದರೆ ಅವುಗಳ ಬಾಸ್ ಸಬ್‌ಗೆ ಹೋಗುವುದೇ ಇಲ್ಲ. ಎಲ್ಲವನ್ನೂ ‘ಸ್ಮಾಲ್’ ಮಾಡಿ, ಕ್ರಾಸ್‌ಓವರ್ (ಯಾವುದರ ಕೆಳಗಿನ ಸ್ವರ ಸಬ್‌ಗೆ ಹೋಗಬೇಕೆಂಬ ಗಡಿ) 80 ಹರ್ಟ್ಜ್, ಎಲ್‌ಎಫ್‌ಇ (ಸಿನಿಮಾದಲ್ಲಿ ಬಾಸ್‌ಗೆಂದೇ ಇರುವ ಹಾದಿ) 120 ಇಡಿ. ಸಬ್‌ವೂಫರ್ ಬೆನ್ನಿನ ಮೇಲಿರುವ ಕ್ರಾಸ್‌ಓವರ್ ಗುಬುಟನ್ನು ಅತಿ ಹೆಚ್ಚಿನ ಅಂಕಿಯವರೆಗೆ ತಿರುಗಿಸಿ. ಇಲ್ಲದಿದ್ದರೆ ರಿಸೀವರ್ ಸೋಸಿದ್ದನ್ನೇ ಅದು ಇನ್ನೊಮ್ಮೆ ಸೋಸುತ್ತದೆ. ಬಹಳ ಮನೆಗಳಲ್ಲಿ ಬಾಸ್ ಕಳೆದುಹೋಗುವುದು ಇಲ್ಲೇ.

ಆಮೇಲೆ ಸಬ್‌ವೂಫರ್ ಲೆವೆಲ್ ನೋಡಿ. -12 ಎಂದಿದ್ದರೆ ರಿಸೀವರ್ ಇನ್ನೂ ಇಳಿಸಲು ಹೊರಟು ತನ್ನ ಮಿತಿಗೆ ಬಂದು ನಿಂತಿರುತ್ತದೆ. ಸಬ್‌ನ ಗೇನ್ ಗುಬುಟನ್ನು ಸ್ವಲ್ಪ ಇಳಿಸಿ ಮತ್ತೆ ಸೆಟಪ್ ಮಾಡಿಸಿ, -5ರಿಂದ 0 ಒಳಗೆ ಬಂದರೆ ಸಾಕು. ಆಮೇಲೆ ನಿಮ್ಮ ಕಿವಿಗೆ 2-3 ಡೆಸಿಬೆಲ್ ಏರಿಸಿಕೊಳ್ಳಲು ಅಡ್ಡಿಯಿಲ್ಲ. ಜೋರು ಸದ್ದನ್ನು ತಗ್ಗಿಸುವ ನೈಟ್ ಮೋಡ್ ಆಫ್ ಇರಲಿ. ಟಿವಿಯಿಂದ ಬರುವ ಆಡಿಯೋ ಬರೀ ಸ್ಟೀರಿಯೋ ಆಗಿದ್ದರೆ ಸಿನಿಮಾದ ಎಲ್‌ಎಫ್‌ಇ ಹಾದಿ ಪ್ರತ್ಯೇಕವಾಗಿ ಬರುವುದಿಲ್ಲ. ಟಿವಿ ಮೆನುವಿನಲ್ಲಿ ಪಿಸಿಎಂ ಬದಲು ಬಿಟ್‌ಸ್ಟ್ರೀಮ್ ಆರಿಸಿ.

ಕೊನೆಗೆ ಫೇಸ್, ಅಂದರೆ ಸಬ್‌ನ ಅಲೆ ಸ್ಪೀಕರ್ ಅಲೆಯ ಜೊತೆಗೇ ಏಳುತ್ತದೋ ಎದುರಾಗಿಯೋ ಎಂಬುದು. ಮುಂದಿನ ಸ್ಪೀಕರ್‌ಗಳೂ ಸಬ್ಬೂ ಒಟ್ಟಿಗೆ ನುಡಿಯುವಂತೆ 80 ಹರ್ಟ್ಜ್ ಟೋನ್ ಹಚ್ಚಿ, ನೀವು ಸೋಫಾದಲ್ಲಿ ಕೂತಿರಿ, ಇನ್ನೊಬ್ಬರು ಫೇಸ್ ಸ್ವಿಚ್ಚನ್ನು 0ಗೂ 180ಕ್ಕೂ ಬದಲಿಸಲಿ. ಜೋರಾಗಿ ಕೇಳಿದ್ದೇ ಸರಿ.

ಪ್ರಶ್ನೆ: ಹಳೆಯ ಅಸೆಂಬಲ್ಡ್ 5.1 ಸೆಟ್ ಇದೆ, 8 ಇಂಚಿನ ವೂಫರ್. ಮೇಲೆ 5000 ವ್ಯಾಟ್ ಪಿಎಂಪಿಒ ಅಂತ ಬರೆದಿದೆ, ಬಾಸ್ ಮಾತ್ರ ಬರುವುದಿಲ್ಲ. ಬಾಸ್ ಗುಬುಟು ಪೂರ್ತಿ ತಿರುಗಿಸಿದರೆ ಬರ್‍ರ್ ಅನ್ನುತ್ತದೆ. ಬೂಸ್ಟರ್ ಬೋರ್ಡ್ ಹಾಕಿಸಬಹುದೇ?
– ರಾಣೆಬೆನ್ನೂರು, ಹಾವೇರಿ ಜಿಲ್ಲೆ

ಉತ್ತರ: ಆ 5000ವನ್ನು ಮರೆತುಬಿಡಿ, ಪಿಎಂಪಿಒಗೆ (ಕ್ಷಣಮಾತ್ರದ ಗರಿಷ್ಠ ಶಕ್ತಿ ಎಂದು ಬರೆಯುವ ಅಂಕಿಗೆ) ಒಪ್ಪಿತ ಅಳತೆಯೇ ಇಲ್ಲ. ನಿಜವಾದ ಶಕ್ತಿ ತಿಳಿಯಬೇಕಾದರೆ ಒಳಗಿನ ಟ್ರಾನ್ಸ್‌ಫಾರ್ಮರ್ ಓದಿಸಿ. 12-0-12 ವೋಲ್ಟ್, 5 ಆಂಪಿಯರ್ ಎಂದಿದ್ದರೆ ಎರಡು 12 ಸೇರಿ 24, ಗುಣಿಸು 5, ಒಟ್ಟು 120 ವ್ಯಾಟ್. ಎಲ್ಲ ಸ್ಪೀಕರ್ ಸೇರಿ ಅದಕ್ಕಿಂತ ಹೆಚ್ಚನ್ನು ನಿರಂತರವಾಗಿ ಕೊಡಲು ಬರುವುದಿಲ್ಲ. ಹೀಟ್‌ಸಿಂಕಿನಲ್ಲಿ ಶಾಖವಾಗಿ ಹೋಗುವುದು ಹೋಗಿ ಅರ್ಧ ಉಳಿದರೆ ದೊಡ್ಡದು. ಬಾಸನ್ನು 10 ಡೆಸಿಬೆಲ್ ಏರಿಸಲು ಹತ್ತು ಪಟ್ಟು ಶಕ್ತಿ ಬೇಕು. ಬೂಸ್ಟರ್ ಅದನ್ನು ಎಲ್ಲಿಂದ ತರಬೇಕು? ಮೇಲಾಗಿ 80ರ ಬದಲು 40 ಹರ್ಟ್ಜ್ ಅಷ್ಟೇ ಜೋರಾಗಿ ಬೇಕೆಂದರೆ ಕೋನ್ (ಸ್ಪೀಕರಿನ ಅದುರುವ ಹಾಳೆ) ನಾಲ್ಕು ಪಟ್ಟು ದೂರ ಓಡಬೇಕು. ಸಾದಾ 8 ಇಂಚಿನದಕ್ಕೆ ಅಷ್ಟು ಓಟ ಇರುವುದಿಲ್ಲ. ಆ ಬರ್‍ರ್ ಸದ್ದು ಅದೇ. ಹಾಗೇ ಮುಂದುವರಿಸಿದರೆ ವಾಯ್ಸ್ ಕಾಯಿಲ್ (ಕೋನನ್ನು ಓಡಿಸುವ ತಂತಿ ಸುರುಳಿ) ಸುಟ್ಟ ವಾಸನೆ ಬರುತ್ತದೆ.

ಖರ್ಚಿಲ್ಲದ ಎರಡು ಪರೀಕ್ಷೆ ಮಾಡಿ. 40 ಹರ್ಟ್ಜ್ ಟೋನನ್ನು ಮೆಲ್ಲಗೆ ಹಚ್ಚಿ, ಉರಿಯುವ ಊದಬತ್ತಿಯನ್ನು ಪೆಟ್ಟಿಗೆಯ ಸಂದು, ಸ್ಪೀಕರ್ ಅಂಚು, ಹಿಂದಿನ ವೈರ್ ಸಿಕ್ಕಿಸುವ ಪ್ಲೇಟ್ ಸುತ್ತ ಹಿಡಿಯಿರಿ. ಪೋರ್ಟ್ ಬಿಟ್ಟು ಬೇರೆಲ್ಲಿ ಹೊಗೆ ಅದುರಿದರೂ ಅಲ್ಲಿ ಗಾಳಿ ಸೋರುತ್ತಿದೆ. ಮರದ ಸಂದಿಗೆ ಒಳಗಿನಿಂದ ಫೆವಿಕಾಲಿಗೆ ಮರದ ಹೊಟ್ಟು ಕಲೆಸಿ ತುಂಬಿ, ಪ್ಲೇಟಿನ ಸುತ್ತ ಎಂ-ಸೀಲ್ ಹಚ್ಚಿ, ಸ್ಪೀಕರ್ ಅಂಚಿಗೆ ತೆಳು ಫೋಮ್ ಪಟ್ಟಿ ಕೊಟ್ಟು ಸ್ಕ್ರೂ ಬಿಗಿಮಾಡಿ. ಪೋರ್ಟ್ ಮುಚ್ಚಬೇಡಿ, ಕೆಳಗಿನ ಬಾಸ್ ಬಹುಪಾಲು ಅಲ್ಲಿಂದಲೇ ಬರುತ್ತದೆ.

ಪೆಟ್ಟಿಗೆಯಲ್ಲಿ ಎರಡು ವೂಫರ್ ಇದ್ದರೆ ಆಂಪ್ಲಿಫೈಯರ್ ವೈರ್ ಬಿಚ್ಚಿ, ಒಂದೊಂದಕ್ಕೂ 1.5 ವೋಲ್ಟ್ ಸೆಲ್‌ನ ಪ್ಲಸ್ಸನ್ನು ಕೆಂಪು ತುದಿಗೆ, ಮೈನಸ್ಸನ್ನು ಇನ್ನೊಂದು ತುದಿಗೆ ಕ್ಷಣಮಾತ್ರ ತಾಗಿಸಿ. ಎರಡೂ ಕೋನ್ ಹೊರಗೆ ಬರಬೇಕು. ಒಂದು ಹೊರಗೆ, ಒಂದು ಒಳಗೆ ಹೋದರೆ ಅವು ಒಂದರ ಬಾಸನ್ನು ಇನ್ನೊಂದು ಕೊಲ್ಲುತ್ತಿವೆ. ಒಂದರ ವೈರ್ ತಿರುವುಮುರುವು ಮಾಡಿದರೆ ಮುಗಿಯಿತು. ಇಷ್ಟಾದರೂ ಸಾಲದಿದ್ದರೆ ಬೋರ್ಡಿನ ಹಣವನ್ನು ಕೂಡಿಸಿ ಒಳಗೇ ಆಂಪ್ಲಿಫೈಯರ್ ಇರುವ 10 ಇಂಚಿನ ಸಬ್‌ವೂಫರ್ ತೆಗೆದುಕೊಳ್ಳಿ, ಕೊಳ್ಳುವಾಗ ಆರ್‌ಎಂಎಸ್ ವ್ಯಾಟ್, ಅಂದರೆ ನಿರಂತರವಾಗಿ ಕೊಡುವ ಶಕ್ತಿ, ಎಷ್ಟೆಂದು ಕೇಳಿ.

ಪ್ರಶ್ನೆ: ಸಬ್‌ವೂಫರ್ ಸದಾ ಗುಂಯ್ ಅನ್ನುತ್ತದೆ. ಪ್ಲಗ್‌ನ ಮೂರನೇ ಪಿನ್ ತೆಗೆದರೆ ನಿಲ್ಲುತ್ತದೆ. ತೆಗೆದೇ ಇಡಬಹುದೇ?
– ಸಪ್ತಾಪುರ, ಧಾರವಾಡ

ಉತ್ತರ: ಖಂಡಿತ ಬೇಡ. ಆ ಪಿನ್ ಅರ್ಥಿಂಗ್. ಒಳಗೆ ಶಾರ್ಟ್ ಆದರೆ ಜೀವ ಉಳಿಸುವುದು ಅದೇ. ಮೊದಲು ಹೊರಗಿನಿಂದ ಸೆಟ್‌ಟಾಪ್ ಬಾಕ್ಸಿಗೆ ಬರುವ ಕೇಬಲ್ ಬಿಚ್ಚಿ ನೋಡಿ. ಗುಂಯ್ ನಿಂತರೆ ಅದು ಕೇಬಲ್ ಮೂಲಕ ಬರುವ ಇನ್ನೊಂದು ಅರ್ಥ್. ಆ ಕೇಬಲ್‌ಗೆ ಐಸೊಲೇಟರ್ (ಅರ್ಥ್ ಸಂಪರ್ಕ ತಡೆಯುವ ತುಣುಕು) ಹಾಕಿಸಿ. ನಿಲ್ಲದಿದ್ದರೆ ಟಿವಿ, ರಿಸೀವರ್, ಸಬ್ ಮೂರನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ತನ್ನಿ.

ಪ್ರಶ್ನೆ: ಬಾಸ್ ಗಟ್ಟಿಯಾಗಲು ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿದರೆ ಆದೀತೇ? ಬಾಸ್ ಬಂದಾಗ ತಿಜೋರಿಯೂ ಗಡಗಡ ಅನ್ನುತ್ತದೆ.
– ಬ್ಯಾಡಗಿ

ಉತ್ತರ: ಟ್ರೇ ಅಂಟಿಸಿ ಪ್ರಯೋಜನವಿಲ್ಲ. 40 ಹರ್ಟ್ಜ್ ಅಲೆ 28 ಅಡಿ ಉದ್ದ, ಅದಕ್ಕೆ ಎರಡು ಇಂಚಿನ ಕಾಗದ ಲೆಕ್ಕಕ್ಕೇ ಇಲ್ಲ. ದಪ್ಪ ಹತ್ತಿ ಗಾದಿಗಳನ್ನು ಸುರುಳಿ ಸುತ್ತಿ ಮೂಲೆಯಲ್ಲಿ ನಿಲ್ಲಿಸಿದರೆ ಮೇಲಿನ ಬಾಸ್ ತುಸು ಹದಕ್ಕೆ ಬರುತ್ತದೆ, 40ಕ್ಕೆ ಅದೂ ಸಾಲದು. ತಿಜೋರಿಯ ಗಡಗಡ ನಿಮ್ಮ ಕಿವಿಗೆ ಬಾಸನ್ನೇ ಒಡಕು ಮಾಡಿ ಕೇಳಿಸುತ್ತದೆ. ಟೋನ್ ಹಚ್ಚಿ ಬಾಗಿಲು, ಹಿಡಿ, ಮೇಲಿಟ್ಟ ಡಬ್ಬಿಗಳನ್ನು ಒಂದೊಂದಾಗಿ ಅಂಗೈಯಿಂದ ಒತ್ತಿ ನೋಡಿ. ಎಲ್ಲಿ ಒತ್ತಿದಾಗ ಸದ್ದು ನಿಲ್ಲುತ್ತದೋ ಅಲ್ಲಿ ಸೈಕಲ್ ಟ್ಯೂಬಿನ ತುಂಡು ಸಿಕ್ಕಿಸಿ.