ಜೋಳದ ಚೀಲ, ಎಂಟು ಪರ್ಸೆಂಟ್

ತಂಗಿ,

ನಿನ್ನ ಪತ್ರ ಎರಡು ಸಲ ಓದಿದೆ. ಗುಳೇದಗುಡ್ಡದಿಂದ ಜರ್ಮನಿಯ ಸ್ಟುಟ್‌ಗಾರ್ಟಿಗೆ ನರ್ಸ್ ಆಗಿ ಬರಾಕತ್ತೀದಿ, ಮುಂದಿನ ತಿಂಗಳು ವಿಮಾನ. ಹೊಸದಾಗಿ ಬರೂ ಹುಡುಗರು ನನ್ನ ಕೇಳೂದು ಥಂಡಿಗೆ ಎಂಥಾ ಕೋಟು, ಜೋಳದ ಹಿಟ್ಟು ಎಲ್ಲಿ ಸಿಗತೈತಿ, ಇಷ್ಟ. ನೀ ಬ್ಯಾರೇನ ಕೇಳಿ. ವಿಳಾಸ ನೋಂದಣಿ ಫಾರ್ಮಿನಾಗ ಧರ್ಮದ ಕಾಲಮ್ ಐತೆಂತ, ಅಲ್ಲಿ ಏನ್ ಬರೀಲಿ ಅಣ್ಣಾರ? ಪಗಾರದಾಗ ಚರ್ಚಿನ ತೆರಿಗಿ ಮುರಕೊಂಡ್ರ, ಅವ್ವ ಹೇಳಿದಂಗ ದಶಮಾಂಶ, ಅಂದ್ರ ಗಳಿಕಿಯ ಹತ್ತರಾಗ ಒಂದು ಪಾಲು ದೇವರಿಗೆ, ಬ್ಯಾರೆ ತಗದಿಡಬೇಕೇನು? ಮತ್ತ, ನನಗ ತ್ರಾಸ ಆದ್ರ ನಮ್ಮೂರ ಚರ್ಚಿನ ಸಭೆಯವರಂಗ ಯಾರರ ಮನಿಗೆ ಬರತಾರೇನು?

ಮೂರನೇದಕ್ಕ ಮೊದಲ ಹೇಳಿಬಿಡತೀನಿ. ಬರೂದಿಲ್ಲ. ಯಾಕ ಬರೂದಿಲ್ಲ ಅನ್ನೂದು ತಿಳಿಯಾಕ ನನಗ ಭಾಳ ವರ್ಷ ಹಿಡೀತು, ಅದಕ್ಕ ಈ ಪತ್ರ ಸ್ವಲ್ಪ ಉದ್ದ ಆಗತೈತಿ.

ಮೊದಲು ಫಾರ್ಮ್. ಮನಿ ಸೇರಿದ ಎರಡು ವಾರದಾಗ ನಗರ ಕಚೇರಿಗೆ ಹೋಗಿ ವಿಳಾಸ ಬರಸಬೇಕು. ಮನಿ ಮಾಲಕನ ಸಹಿ ಇದ್ದ ಕಾಗದ ಒಯ್ಯಿ, ಅದಿಲ್ಲದ ಹೋದ್ರ ಹೊಳ್ಳಿ ಕಳಸತಾರ. ಧರ್ಮದ ಕಾಲಮಿನಾಗ ನೀ ‘ಇವಾಂಗೆಲಿಶ್’ (ಇಲ್ಲಿಯ ದೊಡ್ಡ ಪ್ರಾಟೆಸ್ಟಂಟ್ ಸಭೆ) ಅಂತ ಬರದ್ರ, ಆ ಸುದ್ದಿ ಸೀದಾ ತೆರಿಗಿ ಇಲಾಖೆಗೆ ಮುಟ್ಟತೈತಿ. ಅಲ್ಲಿಂದ ಪ್ರತಿ ತಿಂಗಳು ಪಗಾರ ಚೀಟಿಯಾಗ ಒಂದು ಹೊಸ ಸಾಲು. ನಮ್ಮ ಬಾಡೆನ್-ವುರ್ಟೆಂಬರ್ಗ್ ರಾಜ್ಯದಾಗ ಮತ್ತ ಬವೇರಿಯಾದಾಗ 8 ಪರ್ಸೆಂಟ್, ಉಳಿದ ಕಡೆ 9. ಗಾಬರಿ ಆಗಬ್ಯಾಡ, ಅದು ಪಗಾರದ ಎಂಟಲ್ಲ, ನೀ ಕಟ್ಟೂ ಆದಾಯ ತೆರಿಗಿಯ ಎಂಟು. ತಿಂಗಳಿಗೆ 300 ಯೂರೊ ತೆರಿಗಿ ಹೋದ್ರ ಚರ್ಚಿಗೆ 24 ಯೂರೊ. ವಸೂಲಿ ಮಾಡೂದು ಸರಕಾರ, ಅದಕ್ಕಂತ ಸಣ್ಣ ಪಾಲು ತಾನೂ ಇಟ್ಕೊಂಡು ಉಳಿದಿದ್ದು ಸಭೆಗೆ ಕೊಡತೈತಿ. 1919ರ ಸಂವಿಧಾನದಾಗ ಬಂದ ಈ ಕಟ್ಟಳೆ 1949ರ ಸಂವಿಧಾನದಾಗೂ ಹಂಗ ಉಳದೈತಿ.

ನಾ ಇಲ್ಲೇ ಎಡವಿದ್ದೆ. ನಂದು ಬೆಳಗಾವಿಯ ಮೆಥಡಿಸ್ಟ್ ಮನಿತನ. ‘ಇವಾಂಗೆಲಿಶ್’ ಅಂದ್ರ ಕ್ಯಾಥೊಲಿಕ್ ಅಲ್ಲದ ಎಲ್ಲಾರೂ ಅಂತ ತಿಳಕೊಂಡು ಬರದೆ. ಇಲ್ಲಿ ಮೆಥಡಿಸ್ಟರದು ಸ್ವತಂತ್ರ ಸಭೆ, ತೆರಿಗಿಯ ಗೊಡವಿಗೆ ಹೋಗೂದಿಲ್ಲ, ಸದಸ್ಯರು ಕೈಯ್ಯಾರೆ ಕೊಟ್ಟಿದ್ದರ ಮ್ಯಾಲ ನಡೀತೈತಿ. ಮೂರು ವರ್ಷ ಒಂದು ಸಭೆಗೆ ತೆರಿಗಿ ಕಟ್ಟಿ, ಇನ್ನೊಂದು ಸಭೆಯಾಗ ಕುಂತು ಕಾಣಿಕೆ ಹಾಕಿದೆ! ನಿಂದು ಹಂಗಲ್ಲ, ನೀ ದಕ್ಷಿಣ ಭಾರತ ಸಭೆ, ಅಂದ್ರ ಸಿಎಸ್‌ಐ. ಇಲ್ಲಿಯ ವುರ್ಟೆಂಬರ್ಗ್ ಸಭೆ ಮತ್ತ ಸಿಎಸ್‌ಐ ಎರಡೂ ಸ್ಟುಟ್‌ಗಾರ್ಟಿನ ಇಎಂಎಸ್ ಅನ್ನೂ ಒಂದ ಮಿಷನ್ ಒಕ್ಕೂಟದ ಸದಸ್ಯರು. ನೀ ‘ಇವಾಂಗೆಲಿಶ್’ ಅಂತ ಬರದ್ರ ಸುಳ್ಳಾಗೂದಿಲ್ಲ. ತೆರಿಗಿ ಉಳಸಾಕ ‘ಧರ್ಮ ಇಲ್ಲ’ ಅಂತ ಬರದವರನ್ನೂ ಕಂಡೀನಿ. ಮುಂದ ಮಗಳ ಲಗ್ನಕ್ಕ ಚರ್ಚ್ ಕೇಳಾಕ ಹೋದಾಗ ಅವರ ಮಾರಿ ಸಣ್ಣದಾಗಿತ್ತು.

ಆ ರೊಕ್ಕ ಎಲ್ಲಿ ಹೋಗತೈತಿ? ಪಾದ್ರಿಗಳ ಪಗಾರ, ಕಟ್ಟಡ, ಬಾಲವಾಡಿ, ಸಲಹಾ ಕೇಂದ್ರ. ‘ಡಿಯಾಕೊನಿ’ (ಇವಾಂಗೆಲಿಶ್ ಸಭೆಯ ಸೇವಾ ಸಂಸ್ಥೆ) ಅಂತ ಬೋರ್ಡ್ ಇರೂ ದವಾಖಾನಿ, ವೃದ್ಧಾಶ್ರಮ ನೋಡಿ ಇವೆಲ್ಲಾ ಚರ್ಚಿನ ತೆರಿಗಿಯಿಂದ ನಡೀತಾವ ಅಂತ ತಿಳೀಬ್ಯಾಡ. ಅವುಗಳ ಹೆಚ್ಚಿನ ಖರ್ಚು ಆರೋಗ್ಯ ವಿಮೆಯಿಂದ, ಸರಕಾರದಿಂದ ಬರತೈತಿ. ನೀ ಅಂಥಾ ದವಾಖಾನಿಗೇ ಸೇರಾಕತ್ತೀದಿ, ಅದಕ್ಕ ಹೇಳಿದೆ. ಅಲ್ಲಿ ನೀ ಮಾಡೂದು ಪಗಾರದ ನೌಕರಿ, ಶಿಲುಬೆ ತೋರಿಸಿ ಯಾರರ ಹೆಚ್ಚು ತಾಸು ದುಡಸಾಕ ಬಂದ್ರ ಒಪ್ಪಂದ ತಗದು ತೋರಸು.

ಈಗ ನಿನ್ನ ಮೂರನೇ ಪ್ರಶ್ನೆಗೆ ಬರತೀನಿ.

ನಾ ಏಳನೇತ್ತೆ ಇದ್ದಾಗ ಅಪ್ಪ ದುಡಿಯೂ ಫೌಂಡ್ರಿ ಬಂದ್ ಆತು. ಮೂರನೇ ತಿಂಗಳದಾಗ ಒಂದು ಸಂಜಿ ಸಭೆಯ ಇಬ್ಬರು ಹಿರಿಯರು ಸೈಕಲ್ ಮ್ಯಾಲ ಜೋಳದ ಚೀಲ ಹೇರಕೊಂಡು ಬಂದ್ರು. ನಾವು ಯಾರಿಗೂ ಬಾಯಿ ಬಿಟ್ಟು ಕೇಳಿರಲಿಲ್ಲ. ಐತಾರ ಕಾಣಿಕೆ ಚೀಲ ಮುಂದ ಬಂದಾಗ ಅವ್ವ ಬರೇ ಮುಷ್ಟಿ ಒಳಗ ಹಾಕಿ ಹೊರಗ ತಗದಿದ್ದನ್ನ ಯಾರೋ ನೋಡಿದ್ರಂತ. ಅಂಥಾ ಕಣ್ಣು ನಮ್ಮ ಮಂದಿದು. ಆ ಜೋಳ ನಮ್ಮನ್ನ ಮಳಿಗಾಲ ದಾಟಿಸ್ತು, ಅದನ್ನ ನಾ ಎಂದೂ ಮರಿಯಾಂವ ಅಲ್ಲ.

ಆದ್ರ ಮುಂದಿನ ಐತಾರ ಪ್ರಕಟಣೆ ಓದೂ ಮುಂದ, ಹುಟ್ಟಿದ ದಿನದ ಕಾಣಿಕೆ, ಕೃತಜ್ಞತಾ ಕಾಣಿಕೆ ಆದ ಮ್ಯಾಲ ನಮ್ಮ ಮನಿ ಹೆಸರು ಬಂತು. ಇಷ್ಟು ಸೇರು ಜೋಳ, ಇಂಥವರ ಕಡಿಂದ, ಇಂಥವರಿಗೆ. ಓದಿದವರ ಮನಸ್ಸಿನಾಗ ಕೆಟ್ಟದ್ದಿರಲಿಲ್ಲ, ಲೆಕ್ಕ ಒಪ್ಪಸಬೇಕಲ್ಲ. ಅವ್ವ ಅಂದಿನಿಂದ ಹಿಂದಿನ ಸಾಲಿಗೆ ಹೋಗಿ ಕುಂದ್ರಾಕ ಸುರು ಮಾಡಿದ್ಳು. ಎರಡು ವರ್ಷದ ಮ್ಯಾಲ ಅಪ್ಪಗ ಮತ್ತ ಕೆಲಸ ಸಿಕ್ತು. ಆ ಸಲ ಸಭೆಗೆ ರೊಕ್ಕ ಕೂಡಸೂ ಸುಗ್ಗಿ ಹಬ್ಬದ ಲಿಲಾವದಾಗ ಹತ್ತು ರೂಪಾಯಿ ಬಾಳೂ ಕುಂಬಳಕಾಯಿಗೆ ಅಪ್ಪ ಇನ್ನೂರು ರೂಪಾಯಿ ಕೂಗಿದ. ಮಂದಿ ನಕ್ಕರು, ಅಪ್ಪ ನಗಲಿಲ್ಲ. ಮೂರು ದಿನ ಅದರದ ಪಲ್ಯ ತಿಂದ್ವಿ. ಮುಂದಿನ ಐತಾರ ಅವ್ವ ಮುಂದಿನ ಸಾಲಿಗೆ ಬಂದು ಕುಂತ್ಳು.

ಇಲ್ಲಿ 2009ರಾಗ ಕಾರಿನ ಕೆಲಸ ಕುಸಿದು ನನ್ನ ಕಾಂಟ್ರ್ಯಾಕ್ಟ್ ಮುಗೀತು. ಯಾರರ ಬರತಾರ ಅಂತ ನಾನೂ ಹೆಂಡತಿಯೂ ಬಾಗಿಲ ನೋಡಿಕೋತ ಕುಂತ್ವಿ. ಐತಾರ ಎಲ್ಲಾರೂ ಕೈ ಕುಲುಕತಾರ, ಆರಾಮಿದ್ದೀರೇನು ಅಂತಾರ, ನಾವು ಆರಾಮ ಅಂತೀವಿ, ಮುಗೀತು. ಸಿಟ್ಟು ಬಂತು. ಇಷ್ಟು ವರ್ಷ ಕಾಣಿಕೆ ಹಾಕಿದ್ದಕ್ಕ ಇದೇನ ಫಲ ಅಂತ ಒಂದಿನ ಪಾದ್ರಿಯವರ ಮುಂದ ಅಂದೇ ಬಿಟ್ಟೆ. ಅವರು ನನ್ನಕಿಂತ ಗಾಬರಿ ಆಗಿ, ‘ನೀವು ಹೇಳಲೇ ಇಲ್ಲಲ್ಲ!’ ಅಂದ್ರು. ಕೇಳದ ಯಾರದೋ ಮನಿಗೆ ಹೋಗೂದು ಇಲ್ಲಿ ಮರ್ಯಾದಿಗೇಡಿತನ, ಕೇಳೂದರಾಗ ನಾಚಿಕಿ ಇಲ್ಲ. ನಮ್ಮ ಕಡೆ ಪೂರಾ ಉಲ್ಟಾ. ಅವರು ನನ್ನ ಡಿಯಾಕೊನಿಯ ಸಲಹಾ ಕೇಂದ್ರಕ್ಕ ಕಳಿಸಿದ್ರು. ಅಲ್ಲಿದ್ದ ಹೆಣ್ಣುಮಗಳು ಬಾಗಿಲ ಮುಚ್ಚಿದ್ಳು, ಒಂದು ತಾಸು ಕುಂತು ಯಾವ ಅರ್ಜಿ ಎಲ್ಲಿ ಹಾಕಬೇಕು, ಬಾಡಿಗಿಗೆ ಸರಕಾರದ್ದು ಏನು ಸಿಗತೈತಿ ಎಲ್ಲಾ ಬರದುಕೊಟ್ಳು. ನನ್ನ ಹೆಸರು ಯಾವ ಪ್ರಕಟಣೆಯಾಗೂ ಬರಲಿಲ್ಲ. ಅವತ್ತ ಹೊರಗ ಬಂದು ಟ್ರ್ಯಾಮ್ ಕಾಯ್ಕೋತ ನಿಂತಾಗ ಆ ಮುಚ್ಚಿದ ಬಾಗಿಲದ ನೆನಪು, ಅವ್ವನ ಹಿಂದಿನ ಸಾಲಿನ ನೆನಪು ಎರಡೂ ಒಮ್ಮೆಗೆ ಬಂದ್ವು.

ಹಂಗಂತ ಇದನ್ನ ಹೊಗಳಾಕತ್ತೀನಿ ಅನ್ನಬ್ಯಾಡ. ಬರೇ ಮುಷ್ಟಿ ನೋಡೂ ಕಣ್ಣು ಇಲ್ಲಿಲ್ಲ. ಒಬ್ಬ ಮುದುಕ ಸತ್ತು ಎಷ್ಟೋ ದಿನಕ್ಕ ಗೊತ್ತಾದ ಸುದ್ದಿ ನೀ ವಾರ್ಡಿನಾಗೇ ಕೇಳತೀದಿ. ಅದಕ್ಕ ಬಂದ ಕೂಡಲೆ ನಾಕು ಮಂದಿಗೆ ನಿನ್ನ ಕಷ್ಟ ಬಾಯಿಬಿಟ್ಟು ಹೇಳಾಕ ಕಲಿ. ಡಿಯಾಕೊನಿ, ಕ್ಯಾಥೊಲಿಕರ ಕಾರಿಟಾಸ್ ಎರಡರಾಗೂ ಹೊರದೇಶದಿಂದ ಬಂದವರಿಗೆ ಪುಕ್ಕಟೆ ಸಲಹೆ ಐತಿ, ಯಾವ ಧರ್ಮ ಅಂತ ಕೇಳೂದಿಲ್ಲ. ರಾತ್ರಿ ಒಬ್ಬಾಕೀನ ಕುಂತು ಅಳು ಬಂದ್ರ, ಮನಸ್ಸಿನ ಮಾತು ಕೇಳಾಕಂತ ಇವಾಂಗೆಲಿಶ್, ಕ್ಯಾಥೊಲಿಕ್ ಎರಡೂ ಸಭೆಯವರು ಸೇರಿ ನಡಸೂ ‘ಟೆಲಿಫೋನ್‌ಜೀಲ್‌ಜೋರ್ಗೆ’ಗೆ ಇಪ್ಪತ್ತನಾಕು ತಾಸೂ ಫೋನ್ ಮಾಡಬಹುದು. ಜರ್ಮನ್ ತಪ್ಪಿದ್ರೂ ನಡೀತೈತಿ.

ಭಾಷಾದ ಮಾತು ಬಂತಂತ ಹೇಳತೀನಿ. ಬೈಬಲ್ಲಿನ ಅಪೊಸ್ತಲರ ಕೃತ್ಯಗಳು ಎರಡನೇ ಅಧ್ಯಾಯ ಎಲ್ಲಾರಿಗೂ ಬಾಯಿಪಾಠ. ಹೊಲ ಮನಿ ಮಾರಿದ್ರು, ಯಾರಿಗೆ ಎಷ್ಟು ಬೇಕೋ ಅಷ್ಟು ಹಂಚಕೊಂಡ್ರು. ಆರನೇ ಅಧ್ಯಾಯ ಯಾರೂ ಹೇಳೂದಿಲ್ಲ. ಅದ ಸಭೆಯಾಗ ದಿನದ ಊಟ ಹಂಚೂ ಮುಂದ ಗ್ರೀಕ್ ಮಾತಾಡೂ ವಿಧವೆಯರಿಗೆ ಸರಿಯಾಗಿ ಮುಟ್ಟವಲ್ದು ಅಂತ ಜಗಳ ಬಂತು, ಅದಕ್ಕಂತ ಏಳು ಮಂದಿನ ಆರಿಸಿದ್ರು. ಊಟ ಬಡಸೂ ಆ ಸೇವೆಯ ಗ್ರೀಕ್ ಶಬ್ದದಿಂದನ ಈ ‘ಡಿಯಾಕೊನಿ’ ಬಂದಿದ್ದು. ಮೊದಲ ಸಭೆಯಾಗೂ ಭಾಷಾ ಬ್ಯಾರೆ ಇದ್ದವರ ತಾಟು ಖಾಲಿ ಉಳದಿತ್ತು ನೋಡು.

ಇನ್ನ ದಶಮಾಂಶ. ತೆರಿಗಿ ಕಟ್ಟಿದ್ದ ಕಾಣಿಕೆ ಆತು ಅಂತ ನಾ ಹಿಡಿಯೂದಿಲ್ಲ. ಅದನ್ನ ಕೇಳದ ತಗೋತಾರ, ನನ್ನ ಕೈಗೆ ಗೊತ್ತಾಗೂದಿಲ್ಲ. ಆದ್ರ ಒಂದು ಹಳೇ ಸುದ್ದಿ ಹೇಳತೀನಿ, ನಿಮ್ಮೂರದ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ 1851ರಾಗ ಗುಳೇದಗುಡ್ಡಕ್ಕ ಬಂತು. ಬಾಸೆಲ್ಲಿನಾಗ ರೇಷ್ಮಿ ಪಟ್ಟಿ ನೇಯಸೂ ಕಾರ್ಖಾನಿಯ ಮಾಲಕ, ಕಾರ್ಲ್ ಸರಾಸಿನ್ ಅಂತ, 1855ರಾಗ ‘ಅರ್ಧ ಬಾಟ್ಸನ್’ ವಂತಿಗಿ ಸುರು ಮಾಡಿದ. ಬಾಟ್ಸನ್ ಅಂದ್ರ ಸಣ್ಣ ನಾಣ್ಯ. ವಾರಕ್ಕ ಅರ್ಧ ಬಾಟ್ಸನ್, ಮನಿಗೆಲಸದವರು, ಕೂಲಿಯವರು, ರೈತರು ಯಾರ ಬೇಕಾದ್ರೂ ಕೊಡಬಹುದು. ನಮ್ಮ ಈ ವುರ್ಟೆಂಬರ್ಗಿನ ಹಳ್ಳಿ ಮಂದಿನೂ ಮಿಷನ್ನಿಗೆ ಹಂಗ ಕೂಡಿಸಿ ಕಳಸತಿದ್ರು. ಖಣ ನೇಯೂ ಊರೊಂದು ಐತಿ ಅಂತ ಅವರು ಕಣ್ಣಿಲೆ ಕಂಡವರಲ್ಲ. ಇಲ್ಲಿಯ ಮುದುಕಿಯರು ‘ಇಂಡಿಯಾ’ ಅಂದಾಗ ಅವರ ಮುತ್ತಜ್ಜಿ ಆ ಡಬ್ಬಿಗೆ ಹಾಕಿದ ನಾಣ್ಯ ನನಗ ಕೇಳಿಸಿದಂಗ ಆಗತೈತಿ.

ಅದಕ್ಕ ನನ್ನ ಲೆಕ್ಕ ಹಿಂಗೈತಿ. ತೆರಿಗಿ ಕಳದು ಕೈಗೆ ಬಂದಿದ್ದರಾಗ ಒಂದು ಪಾಲು ಊರ ಸಭೆಗೆ. ಹತ್ತರಾಗ ಒಂದು ಅಂತ ಹಟ ಇಲ್ಲ, ಮೊದಲ ವರ್ಷ ನಿನಗ ಆಗೂದೂ ಇಲ್ಲ, ಏಜೆಂಟರ ಸಾಲ ಇದ್ರ ಮೊದಲು ಅದನ್ನ ತೀರಸು, ನಿಮ್ಮವ್ವಗ ಸಮಾಧಾನ ನಾ ಹೇಳತೀನಿ. ನಾ ಕಳಸೂದು ಮುದುಕರ ಔಷಧಿಗೆ, ಒಂದ ಕರಾರು: ಕೊಟ್ಟವರದೂ ತಗೊಂಡವರದೂ ಹೆಸರು ಓದಬಾರದು. ಇಲ್ಲೀತನಕ ಎರಡು ಸಲ ಓದ್ಯಾರ. ಫೋನ್ ಮಾಡಿ ಜಗಳ ತಗದೆ, ‘ಮಂದಿಗೆ ಗೊತ್ತಾಗಬೇಕಲ್ರಿ’ ಅಂದ್ರು.

ಜನವರಿಯಾಗ ಲಿಯೊನ್‌ಹಾರ್ಡ್ಸ್ ಚರ್ಚಿನಾಗ ವೆಸ್ಪರ್‌ಕಿರ್ಖೆ ಸುರು ಆಗತೈತಿ, 1995ರಿಂದ ನಡಕೊಂಡು ಬಂದೈತಿ. ಥಂಡಿಯ ಕೆಲವು ವಾರ ಚರ್ಚಿನ ಒಳಗ ಟೇಬಲ್ ಹಾಕಿ ಬಿಸಿ ಊಟ ಹಾಕತಾರ. ಬೀದಿಯಾಗ ಮಲಗೂ ಮಂದಿ, ಸಣ್ಣ ಪೆನ್ಶನ್ನಿನ ಮುದುಕಿಯರು, ಕೋಟು ಹಾಕಿದ ಆಫೀಸಿನವರು ಒಂದ ಟೇಬಲ್ಲಿಗೆ ಕುಂದ್ರತಾರ, ಅಗದೀ ಕಡಿಮಿ ರೊಕ್ಕ, ಯಾರು ನೀನು ಅಂತ ಯಾರೂ ಕೇಳೂದಿಲ್ಲ. ನಾ ಅಲ್ಲಿ ತಾಟು ತೊಳೀತೀನಿ. ಆ ಕೆಲಸಕ್ಕ ಜರ್ಮನ್ ಪರೀಕ್ಷಾ ಬೇಕಾಗಿಲ್ಲ. ನಿನ್ನ ರಜಾ ದಿನ ಬಾ, ರಾಟ್‌ಹೌಸ್ ಸ್ಟಾಪಿನಾಗ ಇಳದು ಫೋನ್ ಮಾಡು. ಬರೂ ಮುಂದ ಶೇಂಗಾ ಚಟ್ನಿ ಮರೀಬ್ಯಾಡ. ದೊಡ್ಡ ಬ್ಯಾಗಿನಾಗ ಹಾಕು, ಕೈಚೀಲದಾಗ ಇಟ್ಟು ವಿಮಾನ ನಿಲ್ದಾಣದವರಿಗೆ ವಿವರಿಸಿಕೋತ ನಿಂದ್ರಬ್ಯಾಡ.