ಸಿಂಧನೂರು, ಗಂಗಾವತಿ ಕಡೆ ಭತ್ತಕ್ಕೆ ಮುಂಚೆ ಡಯಾಂಚ ಎಂಬ ಹಸಿರೆಲೆ ಗೊಬ್ಬರದ ಗಿಡ ಬಿತ್ತಿ, ಬೆಳೆದ ಮೇಲೆ ಅದನ್ನು ಮಣ್ಣಿಗೇ ಸೇರಿಸುವುದು ಏಕೆ?

ಮುಂದೆ ಬರುವ ಭತ್ತಕ್ಕೆ ಸಾರಜನಕವನ್ನೂ ಮಣ್ಣಿಗೆ ಸಾವಯವ ಅಂಶವನ್ನೂ ಒಟ್ಟಿಗೆ ಕೊಡುವುದಕ್ಕೆ. ಯೂರಿಯಾದ ಒಂದು ಪಾಲು ಉಳಿಯುತ್ತದೆ.

ಡಯಾಂಚ ದ್ವಿದಳ ಜಾತಿಯ ಗಿಡ. ಬೇರಿನ ಗಂಟುಗಳಲ್ಲಿ ವಾಸಿಸುವ ರೈಜೋಬಿಯಂ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಉಣಿಸುತ್ತದೆ. ಹೂ ಬಿಡುವ ಹೊತ್ತಿಗೆ, ಅಂದರೆ ಸುಮಾರು 45 ದಿನಕ್ಕೆ, ಗಿಡದ ತುಂಬ ಸಾರಜನಕವಿರುತ್ತದೆ, ದಂಟು ಇನ್ನೂ ಎಳೆಯದಾಗಿರುತ್ತದೆ. ಆಗ ರೋಟವೇಟರ್ ಹೊಡೆದು ನೀರು ಕಟ್ಟಿದರೆ ಬೇಗ ಕೊಳೆತು, ನಾಟಿಯಾದ ಸಸಿಗೆ ಸಿಗುತ್ತದೆ. ತಡ ಮಾಡಲೇಬೇಡಿ, ಇದನ್ನು ಒತ್ತಿ ಹೇಳುತ್ತೇನೆ. ದಂಟು ಬಲಿತು ನಾರಾದರೆ ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನಲ್ಲಿದ್ದ ಸಾರಜನಕವನ್ನೇ ಬಳಸಿಕೊಳ್ಳುತ್ತವೆ, ಸಸಿ ಹಳದಿಯಾಗುತ್ತದೆ.

ತುಂಗಭದ್ರಾ ಅಚ್ಚುಕಟ್ಟಿಗೆ ಇದು ಹೊಂದಲು ಇನ್ನೊಂದು ಕಾರಣವಿದೆ. ವರ್ಷಗಟ್ಟಲೆ ನೀರು ನಿಂತು ಇಲ್ಲಿನ ಎಷ್ಟೋ ಎರೆಹೊಲಗಳು ಸವಳು (ಉಪ್ಪು) ಹಿಡಿದಿವೆ. ಡಯಾಂಚ ಸವಳನ್ನೂ ನಿಂತ ನೀರನ್ನೂ ತಡೆದುಕೊಳ್ಳುತ್ತದೆ, ಇನ್ನೊಂದು ಹಸಿರೆಲೆ ಗೊಬ್ಬರದ ಗಿಡವಾದ ಸೆಣಬಿಗೆ (ಸನ್‌ಹೆಂಪ್) ನಿಂತ ನೀರು ಆಗದು. ಅದರ ಬೇರು ಅಂಟುಮಣ್ಣನ್ನು ಸೀಳಿ ನೀರು ಬಸಿಯಲು ದಾರಿ ಮಾಡುತ್ತದೆ.

ಕಾಲುವೆಗೆ ನೀರು ಬರುವುದು ಸಾಮಾನ್ಯವಾಗಿ ಜುಲೈನಲ್ಲಿ. ಹಾಗಾಗಿ ಮೇ ಕೊನೆಯ ಅಥವಾ ಜೂನ್ ಮೊದಲ ಮಳೆಗೆ ಬಿತ್ತಿ. ಮಳೆಯಾಶ್ರಿತ ಹಿಂಗಾರಿ ಜೋಳದ ಹೊಲದಲ್ಲಿ ಮಾತ್ರ ಎಚ್ಚರವಿರಲಿ: ಜೋಳಕ್ಕೆ ಬೇಕಾದ ತೇವವನ್ನು ಈ ಗಿಡ ಕುಡಿದುಬಿಡಬಹುದು. ಅಲ್ಲಿ ಮುಂಗಾರಿಗೆ ಹೆಸರು ಬಿತ್ತಿ, ಕಾಯಿ ಬಿಡಿಸಿಕೊಂಡು ಸೊಪ್ಪನ್ನು ಮಣ್ಣಿಗೆ ಸೇರಿಸುವುದೇ ಮೇಲು.